ಫ್ರಿಜ್ಜು ಮತ್ತು ಕೆನೆಪದರ

ಇಪ್ಪತ್ತು ವರ್ಷ ಮೈಮುರಿದು ಸಾಹುಕಾರರ ಮನೆಯ ಹಾಗೆ ಕಾಣುವಂತೆ ಮಾಡಿದ ಮನೆಯನ್ನು ಒಂದೇ ಮುಂಜಾನೆಯಲ್ಲಿ ಬಡವರ ಮನೆ ಮಾಡಬೇಕೆಂದರೆ ಹೆಣ್ಣುಜೀವ ಎಷ್ಟು ಹೈರಾಣಾಗುತ್ತದೆ ಅನ್ನುವುದು ಈ ಗಂಡಸರಿಗೇನು ಗೊತ್ತು? ನಮ್ಮ ಯಜಮಾನರಂತೂ ಆ ಹೊತ್ತಿನಲ್ಲಿ ಚಹಾದಲ್ಲಿ ಬಿಸ್ಕಿಟ್ ಅದ್ದಿಕೊಂಡು ಕೂತಿದ್ದರು.

ನಾವು ಸೇಡಂನವರು. ಯಜಮಾನರ ಹೆಸರು ರೇವಣಸಿದ್ದ (ಬಾಯಿಂದ ಹೇಳಬಾರದು, ಬರೆದರೆ ದೋಷವಿಲ್ಲ). ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ ಅವರದು. ನಾನು ಜಗದೇವಿ, ಖಡಕ್ ರೊಟ್ಟಿ ಬಡಿದು ಮಾರುತ್ತೇನೆ. ಕೋಡ್ಲಾದ ಸಿಮೆಂಟ್ ಕಾರ್ಖಾನೆಯ ಕಾಲನಿಯವರೆಗೂ ನನ್ನ ರೊಟ್ಟಿಯ ಕೀರ್ತಿಪತಾಕೆ ಹಾರುತ್ತಿದೆ. ಒಬ್ಬಳೇ ಮಗಳು ಸಂಪದಾ. ಬೀದರಿಗೆ ಹೋಗಿ ಪಶುವೈದ್ಯ ಓದಬೇಕೆಂಬ ಹುಚ್ಚು ಅವಳಿಗೆ. ಮುಧೋಳದಲ್ಲಿ ನಮ್ಮ ಮಾವನವರ ಕುರಿ ಕೆಮ್ಮಿದರೆ ಸೇಡಂನಲ್ಲಿ ಇವಳಿಗೆ ನಿದ್ದೆ ಹತ್ತುವುದಿಲ್ಲ. ಅಂಕ ಚೆನ್ನಾಗಿಯೇ ಬಂದಿವೆ. ಆದರೆ ಸೀಟು ಸಿಗುವುದೇನಿದ್ದರೂ ನಮ್ಮ 2ಎ ಮೀಸಲಾತಿಯಲ್ಲಿ. ಅದಕ್ಕೆ ಜಾತಿ ಆದಾಯದ ಪ್ರಮಾಣಪತ್ರ ಬೇಕು. ಸೋಮವಾರ ದಾಖಲೆ ನೋಡುತ್ತಾರೆ, ಅಷ್ಟರೊಳಗೆ ಪತ್ರ ಕೈಗೆ ಬರದಿದ್ದರೆ ಬೀದರಿನ ಮಾತು ಮುಗಿಯಿತು.

ಅರ್ಜಿ ಕೊಟ್ಟಾಗಿತ್ತು. ತಲಾಟಿ ಮನೆಗೆ ಬಂದು ವಿಚಾರಿಸಿ ಹೋಗುವುದೊಂದು ಬಾಕಿ (ಈಗ ಅವರಿಗೆ ಗ್ರಾಮ ಆಡಳಿತಾಧಿಕಾರಿ ಅಂತ ಉದ್ದ ಹೆಸರು ಬಂದಿದೆ, ನಮ್ಮ ಬಾಯಿಗೆ ಇನ್ನೂ ಬಂದಿಲ್ಲ). ಇಷ್ಟರಲ್ಲಿ ರೊಟ್ಟಿ ಒಯ್ಯಲು ಬಂದ ಹಿಂದಿನ ಓಣಿಯ ದಾನಮ್ಮ ನನ್ನ ಹೊಟ್ಟೆಯೊಳಗೆ ಕೆಂಡ ಇಟ್ಟು ಹೋದಳು.

"ಜಗದೇವಿ, ಮನ್ಯಾಗ ಫ್ರಿಜ್ ಕಂಡ್ರ ಮುಗೀತು ನೋಡವ್ವ! ಸೀದಾ ಕೆನೆಪದರ ಅಂತ ಬರದುಬಿಡ್ತಾರ. ಮೀಸಲಾತಿನೂ ಇಲ್ಲ, ಏನೂ ಇಲ್ಲ."

ಕೆನೆಪದರ ಅಂದರೆ ಜಾತಿ ಹಿಂದುಳಿದಿದ್ದರೂ ರೊಕ್ಕದಲ್ಲಿ ಮುಂದುವರಿದವರು. ನಮ್ಮ ಮನೆಯ ಹಾಲಿಗೇ ಕೆನೆ ಕಟ್ಟುವುದಿಲ್ಲ, ಅಂಥಾದ್ದರಲ್ಲಿ ನಮಗೆ ಈ ಬಿರುದು! ಯಜಮಾನರಿಗೆ ಹೇಳಿದೆ.

"ಏ, ಅದು ರೇಷನ್ ಕಾರ್ಡಿನ ಮಾತಿರಬೇಕು. ದಾನಮ್ಮಗ ಏನ್ ಗೊತ್ತದ?" ಅಂದರು.

"ನಿಮಗೇನ್ ಗೊತ್ತದ? ಹೋದ ವರ್ಷ ವಿಮಾ ತುಂಬಲಿಕ್ಕೆ ಕೊನೇ ದಿನ ಯಾವುದು ಅಂತನೂ ಗೊತ್ತಿರಲಿಲ್ಲ ನಿಮಗ!"

"ಹೌದು ಮಹಾರಾಯ್ತಿ, ನನಗೇನೂ ಗೊತ್ತಿಲ್ಲ. ಫ್ರಿಜ್ ಎತ್ತಬೇಕೋ, ನಿನ್ನನ್ನ ಎತ್ತಬೇಕೋ, ಅಷ್ಟು ಹೇಳು."

ಫ್ರಿಜ್ಜನ್ನೇ ಎತ್ತಿಸಿದೆ. ಪಕ್ಕದ ಮನೆ ತಾಜುನ್ನಿಸಾ ಆಪಾರದು. ಎರಡು ಮನೆಗೂ ನಡುವೆ ಒಂದೇ ಗೋಡೆ. ಫ್ರಿಜ್ಜು, ಟೀವಿ, ಕನ್ನಡಿಯ ಅಲಮಾರಿ, ಸೋಫಾ ಎಲ್ಲ ಆ ಗೋಡೆ ದಾಟಿದವು. ಆಪಾ ಕೇಳಿದರು, "ಯಾಕಮ್ಮಾ, ಏನ್ ನಡೆದದ?" ನಾವು ಬಡವರಾಗುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಲು ನನಗೆ ಹೇಗೆ ಮನಸ್ಸಾದೀತು? ಈ ಓಣಿಯಲ್ಲಿ ನಾನು ಉಳಿಸಿಕೊಂಡು ಬಂದ ಇಜ್ಜತ್ತೇನು! "ಸುಣ್ಣ ಹಚ್ಚಸಾಕತ್ತೀವಿ ಆಪಾ," ಅಂದುಬಿಟ್ಟೆ. ಅವರು ಸಂಪದಾಳ ಮುಖ ನೋಡಿದರು, ನನ್ನ ಮುಖ ನೋಡಿದರು, ಏನೋ ತಿಳಿದವರ ಹಾಗೆ ಸಣ್ಣಗೆ ನಕ್ಕರು. ವಯಸ್ಸಿಗೆ ಬಂದ ಹುಡುಗಿಯಿರುವ ಮನೆಗೆ ಸುಣ್ಣ ಹಚ್ಚಿಸುತ್ತಾರೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಅದು ಆ ಗಡಿಬಿಡಿಯಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಮುಂಜಾನೆ ತೇಪೆ ಹಚ್ಚಿದ ಸೀರೆ ಉಟ್ಟು ಬಾಗಿಲಲ್ಲಿ ಕೂತೆ. ಯಜಮಾನರಿಗೆ ಹರಿದ ಬನಿಯನ್ ತೊಡಿಸಬೇಕೆಂದು ಹುಡುಕಿದರೆ, ಅವರ ಬನಿಯನ್ನುಗಳೆಲ್ಲ ಮೊದಲೇ ಹರಿದಿದ್ದವು, ಅಷ್ಟು ಶ್ರಮ ಉಳಿಯಿತು. ಸಂಪದಾ ಮಾತ್ರ ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು, "ಅವ್ವಾ, ಇದೆಲ್ಲಾ ಬ್ಯಾಡ. ಖರೇ ಹೇಳಿದ್ರ ಸಾಕು," ಅಂತ ಗೊಣಗಿದಳು. ಅಂಕಪಟ್ಟಿಯನ್ನು ಮಾತ್ರ ಎದೆಗೆ ಅವುಚಿಕೊಂಡೇ ಇದ್ದಳು ಪಾಪ.

ತಲಾಟಿ ಭೀಮಾಶಂಕರ ಅವರು ಬಂದರು. ಆದರೆ ನಮ್ಮ ಮನೆಗಲ್ಲ! ಮೊದಲು ಅಕ್ಕಪಕ್ಕದವರನ್ನು ಕೇಳುವುದು ಅವರ ಪದ್ಧತಿಯಂತೆ. ಬಿಳಿ ಅಂಗಿ, ಕೈಯಲ್ಲೊಂದು ಚೀಲ, ಮೆಲ್ಲಗಿನ ಮಾತು. ಸೀದಾ ಆಪಾರ ಬಾಗಿಲಿಗೆ ಹೋಗಿ, "ಬಾಜೂ ಮನಿಯವರು ಹ್ಯಾಂಗ್ರಿ? ಹಾಲತ್ ಹ್ಯಾಂಗದ?" ಅಂದದ್ದು ನನ್ನ ಕಿವಿಗೆ ಬಿತ್ತು.

ಹೀಗೆ ಕೇಳಿಕೊಂಡು ಬರುವವರು ನಮ್ಮ ಓಣಿಗೆ ಹೊಸಬರಲ್ಲ. ಗಂಡಿನ ಕಡೆಯ ಹಿರಿಯರು ಸಂಬಂಧ ಬೆಳೆಸುವ ಮೊದಲು ಸುತ್ತಲಿನವರನ್ನು ಹೀಗೇ ಮೆಲ್ಲಗೆ ಕೇಳುತ್ತಾರೆ. ಆಗ ಹೊಗಳುವುದರಲ್ಲಿ ಕಂಜೂಸಿ ಮಾಡಬಾರದು, ಅದು ಓಣಿಯ ಧರ್ಮ. ಆಪಾರ ಮಗಳು ಮಹೆವಿಶಳಿಗೆ ಚಿತ್ತಾಪುರದವರು ಕೇಳಲು ಬಂದಾಗ, ಆಪಾರ ಮನೆಯ ಒಂದು ಆಟೋವನ್ನು ನಾಲ್ಕು ಮಾಡಿ ಹೇಳಿದವಳು ನಾನೇ. ಆ ಋಣ ತೀರಿಸುವ ದಿನ ಬಂತೆಂದು ಆಪಾರಿಗೆ ಅನ್ನಿಸಿತು. ಗೋಡೆಗೆ ಕಿವಿ ಹಚ್ಚಿದ ನನಗೆ ಅವರ ಉತ್ಸಾಹದ ಒಂದೊಂದು ಅಕ್ಷರವೂ ಕೇಳುತ್ತಿತ್ತು.

"ಕೇಳೋದೇನ್ ಸಾಬ್! ಓಣಿಗೇ ದೊಡ್ಡ ಮಂದಿ. ಅಂಗಡಿ ಮುಂದ ಮೋಟಾರ್ ಸಾಲು ಹಚ್ಚಿರ್ತಾವ. ರೊಟ್ಟಿ ಅಂತೂ ಹೈದರಾಬಾದ್ ತನಕ ಹೋಗ್ತಾವ!"

(ತಾಂಡೂರು ಸಹ ದಾಟಿಲ್ಲ.)

"ಬರ್ರಿ, ಒಳಗ ಬರ್ರಿ. ಈ ಫ್ರಿಜ್ ನೋಡ್ರಿ, ಅವರದೇ. ಈ ಟೀವಿ ಅವರದೇ. ಸೋಫಾದ ಮ್ಯಾಲ ಕುಂದ್ರಿ, ಅದೂ ಅವರದೇ. ಸಾಮಾನು ಹೆಚ್ಚಾಗಿ ಮನ್ಯಾಗ ಹಿಡಿಸಲ್ಲ ಸಾಬ್, ಅದಕ್ಕ ನಮ್ಮಲ್ಲಿ ಇಟ್ಟಾರ!"

ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮಗಳ ಮುಖ ನೋಡಲು ಧೈರ್ಯವಾಗಲಿಲ್ಲ. ಅವಳ ಬೀದರು, ಅವಳ ಕುರಿ, ಅವಳ ಡಾಕ್ಟರಿಕೆ ಎಲ್ಲವನ್ನೂ ನನ್ನ ಕೈಯಾರೆ ಸೋಫಾದೊಂದಿಗೆ ಹೊರಗೆ ಹಾಕಿದ್ದೆ.

ತಲಾಟಿಯವರು ಬಂದು ನಮ್ಮ ಬರಿ ನೆಲದ ಮೇಲೆ, ಚಾಪೆಯಲ್ಲಿ ಕೂತರು. ಸುತ್ತ ನೋಡಿದರು. ನನ್ನ ಸೀರೆಯ ತೇಪೆ ನೋಡಿದರು.

"ಅಕ್ಕೋರೆ, ನಿಮ್ಮ ಫ್ರಿಜ್ ಛಲೋ ಅದ. ಬಾಗಿಲದಾಗ ನಿಮ್ಮ ಮಾವಿನ ಉಪ್ಪಿನಕಾಯಿನೂ ಇತ್ತು, ಆಪಾ ನೆಕ್ಕಲಿಕ್ಕೆ ಕೊಟ್ರು."

ನಾನು ಅತ್ತೇಬಿಟ್ಟೆ. "ತಪ್ಪಾಯ್ತ್ರಿ ಸಾಹೇಬ್ರ! ಅದು ಕಂತಿನ ಫ್ರಿಜ್ರಿ, ಹುಡುಗಿ ಸೀಟು ಕಸೀಬ್ಯಾಡ್ರಿ!"

ಅವರು ನಕ್ಕರು. "ಫ್ರಿಜ್ಜಿಗೂ ಇದಕ್ಕೂ ಏನ್ ಸಂಬಂಧ ತಾಯಿ? ನಾವು ನೋಡೋದು ತಂದಿ ತಾಯಿ ಇಬ್ಬರ ವರ್ಷದ ಆದಾಯ. ಅದು ಎಂಟು ಲಕ್ಷ ದಾಟಿದ್ರ ಮಾತ್ರ ಕೆನೆಪದರ."

ಎಂಟು ಲಕ್ಷ! ಯಜಮಾನರು ಚಹಾದ ಕಪ್ಪಿನ ಮೇಲಿಂದ ನನ್ನ ಕಡೆ ನೋಡಿದ ನೋಟವನ್ನು ನಾನಿಲ್ಲಿ ವರ್ಣಿಸುವುದಿಲ್ಲ.

ತಲಾಟಿಯವರು ಅಂಗಡಿಯ ವಿಚಾರ ಕೇಳಿ ಬರೆದುಕೊಂಡರು. ಆಮೇಲೆ ಸಹಜವಾಗಿ ಅಂದರು, "ಇನ್ನ ಅಕ್ಕೋರ ರೊಟ್ಟಿದು. ಅದೇನ್ ಉಪ್ಪು ಮೆಣಸಿನಕಾಯಿಗೆ ಆಗೋದು, ಸೊನ್ನಿ ಅಂತ ಹಿಡೀಲೇನು?"

"ಹಿಡೀರಿ, ಹಿಡೀರಿ," ಅಂದರು ಯಜಮಾನರು.

ಸೊನ್ನೆ! ನಸುಕಿನಿಂದ ಒಲೆಯ ಮುಂದೆ ಬೆಂದ ಈ ಕೈಗಳ ಲೆಕ್ಕ ಸೊನ್ನೆಯೇ? ಕಣ್ಣೀರು ಅಲ್ಲೇ ಬತ್ತಿತು, ತೇಪೆಯ ಸೆರಗನ್ನು ಸೊಂಟಕ್ಕೆ ಸಿಗಿಸಿದೆ. "ಏನ್ ಸೊನ್ನಿ ಅಂತೀರಿ? ಬರಕೋರಿ! ಕಾಲನಿ ರೊಟ್ಟಿ ಬರಕೋರಿ. ವಾಡಿ ಸ್ಟೇಷನ್ ಕಡಿ ಖಾನಾವಳಿದು ಬರಕೋರಿ. ಮದುವಿ ಸೀಜನ್ನಿಂದು ಬ್ಯಾರೆ ಬರಕೋರಿ!"

"ಅವ್ವಾ, ಸುಮ್ನಿರು!" ಅಂದಳು ಮಗಳು. "ಏ ಜಗದೇವಿ, ನಿನ್ನ ಕಾಲಿಗೆ ಬೀಳ್ತೀನಿ," ಅಂದರು ಯಜಮಾನರು.

"ಹೇಳಲಿ ಬಿಡ್ರಿ. ಹೇಳ್ರಿ ಅಕ್ಕೋರೆ, ಜಾಗ ಭಾಳ ಅದ," ಅಂದರು ತಲಾಟಿ.

ಹೇಳಿದೆ. ರೊಟ್ಟಿಯ ಜೊತೆ ಮಾರುವ ಶೇಂಗಾ ಹಿಂಡಿಯದನ್ನು ಹೇಳಿದೆ. ತಂಗಿಗೆ ಪುಕ್ಕಟೆ ಕೊಟ್ಟ ರೊಟ್ಟಿಗೂ ಬೆಲೆ ಕಟ್ಟಿದೆ. ಮುರಿದದ್ದನ್ನು ಇಡಿಯದೆಂದು ಸೇರಿಸಿದೆ. ಇನ್ನೂ ಬಾರದ ಶಹಾಬಾದಿನ ಆರ್ಡರನ್ನೂ ಬಿಡಲಿಲ್ಲ. ಉಸಿರು ಕಟ್ಟಿತು, ರೊಟ್ಟಿ ಮುಗಿದವು. ತಲಾಟಿಯವರು ಕೂಡಿಸಿ ನೋಡಿ ಮೆಲ್ಲಗೆ ಹೇಳಿದರು.

"ನೀವು ಹೇಳಿದ್ದೆಲ್ಲಾ ಹಿಡಿದ್ರೂ ಅರ್ಧಾ ಹಾದಿಗೂ ಬರ್ಲಿಲ್ಲ ತಾಯಿ. ಖರೇ ಎಷ್ಟದ ಅಂತ ಈಗ ಹೇಳ್ರಿ, ಅಷ್ಟೇ ಬರೀತೀನಿ."

ಹೇಳಿದೆ. ಬರೆದರು. ಶನಿವಾರ ಪ್ರಮಾಣಪತ್ರ ಬಂತು, ಸೋಮವಾರ ದಾಖಲೆಯೂ ಪಾಸಾಯಿತು, ಆಮೇಲೆ ಬೀದರಿನ ಸೀಟೂ ಬಂತು. ಸಂಪದಾ ಮೊದಲು ಮುಧೋಳಕ್ಕೆ ಫೋನ್ ಹಚ್ಚಿ, ತಾತನಿಗೆ ಹೇಳುವ ಮೊದಲು ಕುರಿಯ ಕೆಮ್ಮು ಕೇಳಿದಳು. ನಾನು ಒಲೆಯ ಮುಂದೆ ಕೂತು ಮತ್ತೆ ಅತ್ತೆ, ಈ ಸಲ ಸುಖಕ್ಕೆ.

ಸೀಟು ಬಂದ ಸುದ್ದಿಯ ಗದ್ದಲ ಕೇಳಿ ಆಪಾ ಶೀರಾ ತುಂಬಿದ ಡಬ್ಬಿ ಹಿಡಿದು ಓಡಿಬಂದರು. "ಪಕ್ಕಾ ಆಯ್ತಲ್ಲ? ನನಗ ಅವತ್ತೇ ಗೊತ್ತಿತ್ತು! ಹುಡುಗ ಯಾವೂರಾಂವ?"

"ಬೀದರದಾಗ ಡಾಕ್ಟರ್," ಅಂದರು ಯಜಮಾನರು.

"ಮಾಷಾ ಅಲ್ಲಾ! ಹೆಸರೇನು?"

"ಸಂಪದಾ."

ಆಪಾರಿಗೆ ಎಲ್ಲ ಬಿಡಿಸಿ ಹೇಳಬೇಕಾಯಿತು. ಕೇಳಿ ಮೊದಲು ಹುಡುಗಿಯನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಓಣಿಗೆಲ್ಲ ಕೇಳುವ ಹಾಗೆ ಅಂದರು.

"ಒಂದ್ ಮಾತು ನನಗ ಹೇಳಬಾರದೇನು ಜಗದೇವಿ? ನೀವು ಗರೀಬರು ಅಂತ ಸಾಬರಿಗೆ ನಾನೇ ಹೇಳ್ತಿದ್ದೆ. ನಿಮ್ಮನ್ನ ಸಾಹುಕಾರ್ರು ಅನ್ನಲಿಕ್ಕೇ ಅಲ್ಲೇನು, ನನಗ ಅಷ್ಟು ಸುಳ್ಳು ಹೇಳಬೇಕಾಗಿದ್ದು?"