ನನ್ನ ಹಣವೇ ನನ್ನನ್ನು ಖಾಲಿ ಮಾಡಿಸಿದ ಕುರಿತು

ಸ್ಥಿರನೆಲೆ ಜಾಗತಿಕ ಆಸ್ತಿ ನಿಧಿಯ ಮುಖ್ಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ನಿಧಿಯೂ, ಅದರಲ್ಲಿ ಹಣ ತೊಡಗಿಸಿರುವ ಹದಿನಾಲ್ಕು ದೇಶಗಳ ನನ್ನ ಅಪರಿಚಿತ ಪಾಲುದಾರ ಬಂಧುಗಳೂ ಕ್ಷೇಮವಾಗಿದ್ದೀರೆಂದು ತಮ್ಮ ತ್ರೈಮಾಸಿಕ ವರದಿಯಿಂದ ತಿಳಿದು ಸಂತೋಷವಾಯಿತು. ಇತ್ತ ನಾನೂ ಅದೇ ವರದಿಯ ಪ್ರಕಾರ ಕ್ಷೇಮವಾಗಿದ್ದೇನೆ. ಹೋದ ವರ್ಷಕ್ಕಿಂತ ಶೇಕಡಾ ಆರರಷ್ಟು ಹೆಚ್ಚೇ ಕ್ಷೇಮವಾಗಿದ್ದೇನೆಂದು ಅದರ ಒಂಬತ್ತನೇ ಪುಟ ಹೇಳುತ್ತದೆ. ಈ ಸಂಗತಿ ನನಗೆ ತಾನಾಗಿ ಗೊತ್ತಾಗುವ ಹಾಗಿರಲಿಲ್ಲವಾದ್ದರಿಂದ, ತಿಳಿಸಿಕೊಟ್ಟ ತಮಗೆ ನಾನು ಋಣಿ. ಈ ಮುಂಚೆ ಬರೆದ ಮೂರು ಖಾಸಗಿ ಪತ್ರಗಳಿಗೆ 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ' ಎಂಬ ಒಂದೇ ಉತ್ತರ, ಒಂದೇ ಸಹಿಯೊಂದಿಗೆ, ನಾನು ಕಳುಹಿಸಿದ ಅರೆನಿಮಿಷದೊಳಗೆ ಬಂದ ಕಾರಣ, ಅಷ್ಟು ಅವಸರದಲ್ಲಿ ಓದುವ ಶ್ರಮವನ್ನು ತಮಗೆ ತಪ್ಪಿಸಲೆಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಬೀಗ ರಿಪೇರಿಯವನು. ಮೂವತ್ತೊಂದು ವರ್ಷ ಒಂದೇ ಕಟ್ಟಡದ ನೆಲಮಹಡಿಯಲ್ಲಿ, ಕೈ ಚಾಚಿದರೆ ಎರಡೂ ಬದಿಯ ಗೋಡೆ ತಾಕುವಷ್ಟು ಅಗಲದ ಅಂಗಡಿಯಲ್ಲಿ ಕೂತು, ಊರಿನ ಅರ್ಧ ಜನರ ಬಾಗಿಲು ತೆಗೆದುಕೊಟ್ಟಿದ್ದೇನೆ. ನನ್ನ ಎಡಕ್ಕೆ ಕ್ಷೌರದಂಗಡಿ. ಬಲಕ್ಕೆ ಗುಂಡಿ, ದಾರ, ಸೂಜಿ ಮಾರುವ, ಎಪ್ಪತ್ತು ದಾಟಿದ ಹೆಂಗಸು. ಬೀದಿಗೆಲ್ಲ ಅವರು ಗುಂಡಿ ಅಕ್ಕ. ಕೋಟಿನ ಗುಂಡಿಯೊಂದು ಉದುರಿದೆಯೆಂದು ಯಾರಾದರೂ ಹೋದರೆ, ಉಳಿದ ಮೂರನ್ನು ಬೆರಳಲ್ಲಿ ಸವರಿ ನೋಡಿ, ಮುನ್ನೂರು ಪುಟ್ಟ ಡ್ರಾಯರುಗಳಲ್ಲಿ ಸರಿಯಾದದ್ದನ್ನೇ ಎಳೆದು, ಕಳೆದುಹೋದದ್ದರ ಒಡಹುಟ್ಟನ್ನು ತೆಗೆದುಕೊಡುತ್ತಿದ್ದರು. ಇಂಥ ವ್ಯಾಪಾರದಿಂದ ಜಾಗತಿಕ ಬಂಡವಾಳಕ್ಕೆ ಮೂರು ಕಾಸಿನ ಉಪಯೋಗವಿಲ್ಲ ಎಂಬುದನ್ನು ವಿನಯದಿಂದ ಒಪ್ಪುತ್ತೇನೆ.

ತಮಗೂ ನಮಗೂ ನಂಟು ಬೆಳೆದದ್ದು ಆರು ವರ್ಷಗಳ ಹಿಂದೆ. ನನ್ನ ಹೆಂಡತಿ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದಾಗ ಒಂದು ಇಡುಗಂಟು ಬಂತು. ಅದನ್ನು ಎಲ್ಲಿಡುವುದೆಂದು ನಾವು ತಲೆ ಕೆಡಿಸಿಕೊಂಡಿದ್ದಾಗ, ಹೂಡಿಕೆ ಸಲಹೆಗಾರ್ತಿಯಾದ ನನ್ನ ನಾದಿನಿ ತಮ್ಮ ನಿಧಿಯ ಹೊಳೆಯುವ ಪುಸ್ತಿಕೆ ತಂದಳು. "ಭಾವ, ಶೇರು ಅಂದ್ರೆ ಏರುತ್ತೆ, ಇಳಿಯುತ್ತೆ. ಇದು ಹಾಗಲ್ಲ, ಕಟ್ಟಡ. ಕಟ್ಟಡ ಎದ್ದು ಎಲ್ಲಿಗೆ ಓಡಿಹೋಗುತ್ತೆ ಹೇಳಿ?" ಅಂದಳು. ಇಡುಗಂಟನ್ನು ನಮ್ಮಿಬ್ಬರ ಹೆಸರಲ್ಲೂ ಅದರಲ್ಲೇ ಹಾಕಿದೆವು. ಅವಳ ಮಾತು ಅಕ್ಷರಶಃ ನಿಜವಾಯಿತು. ಕಟ್ಟಡ ನಿಂತಲ್ಲೇ ನಿಂತಿದೆ. ಎದ್ದು ಹೋದವರು ನಾವು.

ಹೋದ ವರ್ಷ ಒಂದು ಮಂಗಳವಾರ ನಮ್ಮ ಮನೆಗೆ ಎರಡು ಲಕೋಟೆಗಳು ಒಟ್ಟಿಗೇ ಬಂದವು. ಮೊದಲನೆಯದರಲ್ಲಿ ತಾವು ಹೂಡಿಕೆದಾರನಾದ ನನ್ನನ್ನು ಅಭಿನಂದಿಸಿ, ಊರ ನಡುವಿನ ಹಳೆಯ ಕಟ್ಟಡವೊಂದನ್ನು ನಿಧಿ ಕೊಂಡಿರುವುದಾಗಿಯೂ, ಇಷ್ಟು ವರ್ಷ ಅದರೊಳಗೆ ನಿದ್ರಿಸುತ್ತಿದ್ದ ಮೌಲ್ಯವನ್ನು ಎಬ್ಬಿಸಲಿರುವುದಾಗಿಯೂ ಬರೆದಿದ್ದಿರಿ. ಎರಡನೆಯದು, ತಮ್ಮ ನಿರ್ವಹಣಾ ಕಂಪನಿಯವರು ಬಾಡಿಗೆದಾರನಾದ ನನಗೆ, ಮುಂದಿನ ಕರಾರಿನಿಂದ ಬಾಡಿಗೆ ಎರಡೂವರೆ ಪಟ್ಟಾಗುವುದೆಂದು ತಿಳಿಸಿದ ನೋಟೀಸು. ಹೆಂಡತಿ ಎರಡನ್ನೂ ಅಡುಗೆಮನೆಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಕನ್ನಡಕ ಏರಿಸಿ, ಕೆಳಗಿನ ಸಣ್ಣ ಅಕ್ಷರದ ವಿಳಾಸಗಳನ್ನು ತಾಳೆ ನೋಡಿದಳು.

"ಏನ್ರೀ, ಎರಡೂ ಒಂದೇ ವಿಳಾಸ. ನನ್ನ ದುಡ್ಡು ತಗೊಂಡು ಹೋಗಿ ನಿಮ್ಮ ಅಂಗಡಿ ಕೊಂಡಿದಾರೆ."

"ಹಾಗಾದ್ರೆ ನನ್ನ ಅಂಗಡಿ ಓನರು ನೀನೇ ಆದೆಯಲ್ಲ, ಬಾಡಿಗೆ ಸ್ವಲ್ಪ ಕಡಿಮೆ ಮಾಡು," ಅಂದೆ ನಾನು. ಅವಳು ನಗಲಿಲ್ಲ. ನಾಲ್ವತ್ತು ವರ್ಷದ ಸಂಸಾರದಲ್ಲಿ ನನ್ನ ಹಾಸ್ಯಕ್ಕೆ ಅವಳು ನಗದೇ ಇದ್ದದ್ದು ಹೊಸದೇನಲ್ಲ, ಆದರೆ ಆ ದಿನ ಕಾಫಿಯನ್ನೂ ಅರ್ಧಕ್ಕೇ ಬಿಟ್ಟು ಎದ್ದಳು.

ಮರುದಿನವೇ ಹಣ ವಾಪಸು ಕೇಳಿ ಫೋನ್ ಮಾಡಿದೆವು. ಒಂದೇ ಸಮಯದಲ್ಲಿ ತುಂಬ ಜನ ಹಣ ಕೇಳುತ್ತಿರುವುದರಿಂದ ಹಿಂಪಡೆಯುವಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆಯೆಂದು ಅತ್ತಲಿನ ಹೆಣ್ಣುಮಗಳು ಬಹಳ ನಯವಾಗಿ ಹೇಳಿದಳು. ಎಷ್ಟು ದಿನ ಎಂದು ಕೇಳಿದ್ದಕ್ಕೆ, "ಅದು ಹೇಳೋಕಾಗಲ್ಲ ಸರ್, ಆದ್ರೆ ಇದೆಲ್ಲ ನಿಮ್ಮ ಹಿತಕ್ಕೋಸ್ಕರನೇ," ಅಂದಳು. ಮಾನ್ಯರೇ, ಇಲ್ಲಿ ಕಸುಬುದಾರನೊಬ್ಬನ ಮನಃಪೂರ್ವಕ ಮೆಚ್ಚುಗೆಯನ್ನು ಸ್ವೀಕರಿಸಬೇಕು. ಒಳಗೆ ಹಾಕುವಾಗ ಬೆಣ್ಣೆಯಂತೆ ತೆರೆದು, ಹೊರಗೆ ತೆಗೆಯುವಾಗ ಮಾತ್ರ ಕಚ್ಚಿಕೊಳ್ಳುವ, ಯಾವ ಕೀಲಿಕೈಗೂ ಜಗ್ಗದ, ಒಳಗಿರುವ ವಸ್ತುವಿನ ಒಡೆಯನಿಂದಲೇ ವರ್ಷವರ್ಷ ಶುಲ್ಕ ಪಡೆಯುವ ಬೀಗವನ್ನು ನಾನು ಇಷ್ಟು ವರ್ಷದಲ್ಲಿ ಮಾಡಿಲ್ಲ, ಮಾಡಿದವರನ್ನೂ ಕಂಡಿಲ್ಲ.

ಹೊಸ ಬಾಡಿಗೆ ಕೇಳಿ ಮೊದಲು ಎದ್ದವರು ಕ್ಷೌರದಂಗಡಿಯವರು. ಅವರು ಖಾಲಿ ಮಾಡುವ ದಿನ ತಮ್ಮ ನಿರ್ವಹಣಾ ಕಂಪನಿಯ ಯುವ ಅಧಿಕಾರಿಯೊಬ್ಬರು, ಕೈಯಲ್ಲಿನ ಟ್ಯಾಬ್‌ನಿಂದ ಕಣ್ಣೆತ್ತದೆ ನನ್ನ ಗಲ್ಲಾದ ಮುಂದೆ ನಿಂತು, ಪಕ್ಕದ ಬಾಗಿಲಿನ ಬೀಗ ಬದಲಿಸಬೇಕು, ಬಿಲ್ ಕೊಡಿ ಎಂದರು. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಕೆಲಸ ಕಡಿಮೆಯಿದ್ದ ತಿಂಗಳು. ನಾನು ಹೋಗಿ ಬದಲಿಸಿದೆ. ಇಪ್ಪತ್ತೆರಡು ವರ್ಷ ನನ್ನ ತಲೆಗೂದಲು ಕತ್ತರಿಸಿದ ಮನುಷ್ಯ ಅಂಗಡಿಯ ತಿರುಗುವ ಕುರ್ಚಿಯನ್ನು ಫುಟ್‌ಪಾತಿನ ಮೇಲಿಟ್ಟುಕೊಂಡು, ಗಾಡಿಗೆ ಕಾಯುತ್ತ, ನಾನು ಸ್ಕ್ರೂ ಬಿಗಿಯುವುದನ್ನೇ ನೋಡುತ್ತಿದ್ದರು. ಮುಗಿದ ಮೇಲೆ, "ಗಟ್ಟಿಯಾಗಿ ಕೂತಿದೆಯಾ?" ಎಂದು ಕೇಳಿದರು. ಕೂತಿದೆ ಅಂದೆ. ಆ ಬಿಲ್ಲನ್ನು ತಾವು ಕೂಡಲೇ ಪಾವತಿ ಮಾಡಿದಿರಿ. ತಮ್ಮ ಇಡೀ ವ್ಯವಹಾರದಲ್ಲಿ ನನಗೆ ಸಕಾಲದಲ್ಲಿ ಬಂದ ಹಣ ಅದೊಂದೇ, ಮತ್ತು ಅದನ್ನು ನನ್ನಿಂದ ಇನ್ನೂ ಖರ್ಚು ಮಾಡಲಾಗಿಲ್ಲ.

ಎರಡು ತಿಂಗಳಿಗೆ ಗುಂಡಿ ಅಕ್ಕನ ಸರದಿ. ಯುವ ಅಧಿಕಾರಿಗಳು ಮತ್ತೆ ಬಂದು, ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಬೀಗ ಬದಲಾಗಬೇಕು ಎಂದರು.

"ನಾನು ಮಾಡಲ್ಲ," ಅಂದೆ.

"ನೀವು ಮಾಡದಿದ್ರೆ ಬೇರೆಯವರು ಮಾಡ್ತಾರೆ. ನಿಮಗೆ ಸಿಗೋ ದುಡ್ಡು ಅವರಿಗೆ ಸಿಗುತ್ತೆ, ಅಷ್ಟೇ."

"ಸಿಗಲಿ ಬಿಡಿ."

ಶುಕ್ರವಾರ ಯಾವುದೋ ಕಂಪನಿಯ ಅಂಗಿ ತೊಟ್ಟ ಬೀಗದವರು ಡ್ರಿಲ್ ಹಿಡಿದು ಬಂದರು. ಅಕ್ಕನ ಬಾಗಿಲಿಗೆ ಹದಿನೈದು ವರ್ಷದ ಹಿಂದೆ, ಅವರ ಅಂಗಡಿಯಲ್ಲಿ ಕಳ್ಳತನವಾದ ಮೇಲೆ, ನಾನೇ ಕೂರಿಸಿದ ಬೀಗ. ಅದು ಡ್ರಿಲ್ಲಿನ ಎರಡು ಮೊನೆಗಳನ್ನು ಮುರಿಯಿತು. ಒಂದು ಗಂಟೆ ಹೆಣಗಿದ ಮೇಲೆ ಅವರು ನನ್ನ ಬಳಿಯೇ ಬಂದು, "ಇದರ ಒಳಗೆ ಏನು ಹಾಕಿದೀರಿ ಸರ್?" ಎಂದು ಕೇಳಿದರು. ಮರೆತುಹೋಗಿದೆ ಅಂದೆ. ಅಷ್ಟು ಹೊತ್ತೂ ಅಕ್ಕ ಒಳಗೆ, ಯಾರಿಗೂ ಕಾಯದವರ ಹಾಗೆ, ಡ್ರಾಯರುಗಳಿಗೆ ಒಂದೊಂದಾಗಿ ಚೀಟಿ ಅಂಟಿಸುತ್ತಿದ್ದರು. ಮಧ್ಯಾಹ್ನ ಅಕ್ಕನೇ ಒಳಗಿನಿಂದ ಚಿಲಕ ತೆಗೆದು, "ಪಾಪ, ಅವರಿಗೂ ಊಟದ ಹೊತ್ತಾಯ್ತು," ಅಂದರು. ಮುನ್ನೂರು ಡ್ರಾಯರುಗಳನ್ನು ನಾನೂ ನನ್ನ ಹೆಂಡತಿಯೂ ಸಂಜೆಯವರೆಗೆ ನಮ್ಮ ಮನೆಗೆ ಹೊತ್ತೆವು.

ಇಷ್ಟಾದ ಮೇಲೂ ತಮ್ಮ ಮೇಲಿನ ಭರವಸೆ ಬಿಡದೆ, ಹೂಡಿಕೆದಾರರ ವಾರ್ಷಿಕ ಸಭೆಯಲ್ಲಿ ನಾವಿಬ್ಬರೂ ಕಂಪ್ಯೂಟರಿನ ಮುಂದೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಕೂತೆವು. ತಮ್ಮ ಹಿಂದಿನ ಗೋಡೆಯ ಚಿತ್ರ ತುಂಬ ಚೆನ್ನಾಗಿತ್ತು. ಒಂದು ನಿಮಿಷ ಸಿಕ್ಕಾಗ, ನಾನು ಹೂಡಿಕೆದಾರನೂ ಹೌದು, ಬಾಡಿಗೆದಾರನೂ ಹೌದು, ನನಗೆ ಲಾಭ ಕೊಡಲಿಕ್ಕೆ ನನ್ನನ್ನೇ ಹೊರಗೆ ಹಾಕುತ್ತಿದ್ದೀರಿ, ಲಾಭ ಬೇಡ ಅಂದರೆ ಅಂಗಡಿಯಲ್ಲಿ ಇರಬಹುದೇ ಎಂದು ಕೇಳಿದೆ. ತಾವು ಮುಗುಳ್ನಕ್ಕು, "ಬಹಳ ಒಳ್ಳೆ ಪ್ರಶ್ನೆ. ಆದ್ರೆ ನಿಮ್ಮಲ್ಲಿ ಇರೋ ಹೂಡಿಕೆದಾರರ ಹಿತ ಕಾಯೋದು ನಮ್ಮ ಕರ್ತವ್ಯ. ಬಾಡಿಗೆದಾರರ ವಿಷಯ ಬೇರೆ ವಿಭಾಗದ್ದು," ಅಂದಿರಿ. ಅಂದಿನಿಂದ ನನ್ನೊಳಗಿನ ಇಬ್ಬರನ್ನು ಒಂದೇ ಹಾಸಿಗೆಯಲ್ಲಿ ಮಲಗಿಸಲು ನನಗೆ ಸಂಕೋಚವಾಗುತ್ತಿದೆ. ಒಬ್ಬನು ಇನ್ನೊಬ್ಬನ ಮೇಲೆ ದಾವೆ ಹೂಡಿದರೆ ಸಾಕ್ಷಿಯಾಗಿ ಯಾರನ್ನು ಕರೆಯುವುದೆಂದೂ ತಿಳಿಯದು.

ಅದರ ಮರುತಿಂಗಳು ನನ್ನ ಕರಾರು ಮುಗಿಯಿತು. ಬಾಗಿಲು ತಮ್ಮದು, ಬೀಗ ನನ್ನದು. ಹಾಗಾಗಿ ನಾನು ಬೀಗ ಬಿಚ್ಚಿಕೊಂಡು, ಬಾಗಿಲನ್ನು ದುಂಡಗಿನ ತೂತಿನೊಂದಿಗೆ ಒಪ್ಪಿಸಿದೆ. ಯುವ ಅಧಿಕಾರಿಗಳು ಅಂದು ಮೊದಲ ಸಲ ಟ್ಯಾಬ್ ಕೆಳಗಿಟ್ಟು, ಆ ತೂತಿನಿಂದ ಒಳಗೆ ಇಣುಕಿ, ಒಳಗೆ ಏನೂ ಇಲ್ಲವೆಂದು ಖಚಿತಪಡಿಸಿಕೊಂಡರು.

ಕಟ್ಟಡ ಖಾಲಿಯಾಗಿ ಎಂಟು ತಿಂಗಳಾಯಿತು. ಒಬ್ಬ ಬಾಡಿಗೆದಾರನೂ ಬಂದಿಲ್ಲ. ಕಿಟಕಿಗಳಿಗೆ, ಗಾಜಿನ ಲೋಟ ಹಿಡಿದು ನಗುತ್ತಿರುವ ಜನರ ಚಿತ್ರ ಅಂಟಿಸಿದ್ದೀರಿ. ಆದರೂ ಅದರ ಬೆಲೆ ಏರಿದೆಯೆಂದು ವರದಿಯಲ್ಲಿ ಓದಿ, ನಾನು ನಾದಿನಿಯನ್ನು ವಿಚಾರಿಸಿದೆ. ಪಾಪ, ಅವಳು ಈಗ ನಮ್ಮ ಮನೆಗೆ ಬಂದರೆ ತನ್ನ ಅಕ್ಕನ, ಅಂದರೆ ನನ್ನ ಹೆಂಡತಿಯ, ಮುಖ ನೋಡದೆ ಮಾತಾಡುತ್ತಾಳೆ. ಕಡಿಮೆ ಬಾಡಿಗೆ ಕೊಡುವ ಮನುಷ್ಯರು ಒಳಗಿದ್ದರೆ ಕಟ್ಟಡದ ಬೆಲೆ ಅಷ್ಟಕ್ಕೇ ನಿಲ್ಲುತ್ತದೆ, ಯಾರೂ ಇಲ್ಲದಿದ್ದರೆ ಮುಂದೆ ಬರಬಹುದಾದ ಬಾಡಿಗೆಯನ್ನು ಎಷ್ಟು ಬೇಕಾದರೂ ಊಹಿಸಿ ಬೆಲೆ ಕಟ್ಟಬಹುದು ಎಂದು ವಿವರಿಸಿದಳು. ಎಷ್ಟು ಸರಳ. ನಾವು ಮೂರೂ ಜನ ಸೇರಿ ಅಷ್ಟು ವರ್ಷ ತೆರೆದ ಅಂಗಡಿಗಳಿಂದ ಆ ಕಟ್ಟಡಕ್ಕೆ ಮಾಡುತ್ತಿದ್ದ ನಷ್ಟವನ್ನು ನೆನೆದರೆ ಮೈ ಬೆವರುತ್ತದೆ.

ಸದ್ಯಕ್ಕೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಬದಿಗೆ ಗುಂಡಿ, ಒಂದು ಬದಿಗೆ ಕೀಲಿಕೈ. ಬೆಲ್ ಒತ್ತಿದವರಿಗೆ ನನ್ನ ಹೆಂಡತಿ ಬಾಗಿಲು ತೆಗೆದು, ಚಪ್ಪಲಿ ಒರೆಸಿ ಬರುವಂತೆ ಹೇಳಿ, ಯಾವ ಬದಿಯೆಂದು ಕೈ ತೋರಿಸುತ್ತಾಳೆ. ಗಿರಾಕಿಗಳು ಅರ್ಧದಷ್ಟೂ ಇಲ್ಲ. ಬಂದವರು ಮಾತ್ರ ಬೇಗ ಎದ್ದು ಹೋಗುವುದಿಲ್ಲ. ಕ್ಷೌರದವರು ಬಸ್ ಡಿಪೋದ ಹಿಂದೆ ಇನ್ನೊಬ್ಬರ ಅಂಗಡಿಯಲ್ಲಿ ದುಡಿಯುತ್ತಿದ್ದಾರೆ. ಕೂದಲು ಕಿವಿ ಮುಚ್ಚುವವರೆಗೆ ಕಾದು, ಕೊನೆಗೆ ಹೋದ ತಿಂಗಳು ನಾನು ಅಲ್ಲಿಗೆ ಹೋದೆ. ಅವತ್ತು ಬೀಗ ಹಾಕಿದ್ದು ತಪ್ಪಾಯಿತು ಎಂದು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಬಟ್ಟೆ ಕೊಡವಿ ನನ್ನ ಕತ್ತಿಗೆ ಕಟ್ಟಿ, "ತಲೆ ಬಗ್ಗಿಸಿ," ಅಂದರು. ಬಗ್ಗಿಸಿದೆ. ಕತ್ತರಿ ಶುರುವಾಯಿತು. ಮುಗಿದ ಮೇಲೆ ಪೂರ್ತಿ ದುಡ್ಡು ತೆಗೆದುಕೊಂಡರು. ಬೇಡ ಅಂದಿದ್ದರೆ ನನಗೆ ಇನ್ನೊಮ್ಮೆ ಅಲ್ಲಿಗೆ ಹೋಗಲು ಆಗುತ್ತಿರಲಿಲ್ಲ.

ಈಗ ನನ್ನ ವಿನಂತಿ. ನಮ್ಮ ಪಾಲಿನ ಯೂನಿಟ್ಟುಗಳನ್ನು ಆ ಕಟ್ಟಡದ ಬೆಲೆಗೆ ಹೋಲಿಸಿ ನೋಡಿದರೆ, ನನ್ನ ಹೆಂಡತಿಗೆ ಹೊರಗಿನ ಮೆಟ್ಟಿಲುಗಳಲ್ಲಿ ಒಂದು, ಅದೂ ಬಲಬದಿಯ ಮೂಲೆ ಒಡೆದದ್ದು, ಹೆಚ್ಚುಕಡಿಮೆ ಸೇರುತ್ತದೆ. ಹಣ ಹಿಂದಿರುಗಿಸಲು ಆಗದಿದ್ದರೆ ಚಿಂತೆಯಿಲ್ಲ, ಆ ಮೆಟ್ಟಿಲನ್ನೇ ಬಿಡಿಸಿ ಮನೆಗೆ ಕಳುಹಿಸಿಕೊಡಿ. ಅದು ಕಷ್ಟವಾದರೆ, ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಅವಳು ಅದರ ಮೇಲೆ ಕೂರಲು ಲಿಖಿತ ಅನುಮತಿ ಕೊಡಿ. ಅವಳು ಕೂತದ್ದರಿಂದ ಕಟ್ಟಡದೊಳಗೆ ಮನುಷ್ಯರಿದ್ದಾರೆಂಬ ತಪ್ಪು ತಿಳಿವಳಿಕೆ ಹುಟ್ಟಿ ಬೆಲೆ ಇಳಿಯದಂತೆ, ಬೀದಿಯ ಕಡೆಗೆ ಮುಖ ಮಾಡಿಯೇ ಕೂರುವಳೆಂದು ಅವಳ ಪರವಾಗಿ ಮಾತು ಕೊಡುತ್ತೇನೆ.

ಎರಡೂ ವಿಭಾಗಗಳಲ್ಲಿ ಏಕಕಾಲಕ್ಕೆ ತಮ್ಮ ವಿಶ್ವಾಸಿ,
ಬೀಗ ರಿಪೇರಿಯವನು

ಮರೆತ ಮಾತು: ತಮ್ಮ ಕಚೇರಿಯವರು ನಿನ್ನೆ ಫೋನ್ ಮಾಡಿ, ವೃದ್ಧರ ವಸತಿಗೃಹಗಳನ್ನು ಕೊಳ್ಳುವ ಹೊಸ ನಿಧಿಯೊಂದನ್ನು ತೆರೆಯುತ್ತಿದ್ದೀರೆಂದೂ, ಹಳೆಯ ಹೂಡಿಕೆದಾರರಿಗೆ ಮೊದಲ ಆದ್ಯತೆಯೆಂದೂ ತಿಳಿಸಿದರು. ಪಟ್ಟಿಯ ನಾಲ್ಕನೇ ಗೃಹದಲ್ಲಿ, ತೋಟದ ಕಡೆಯ ಕೋಣೆಯಲ್ಲಿ, ನಮ್ಮ ಅತ್ತೆಯವರಿದ್ದಾರೆ, ಅವರಿಗೆ ಎಂಬತ್ತೊಂಬತ್ತು. ಅವರೊಳಗೆ ನಿದ್ರಿಸುತ್ತಿರುವ ಮೌಲ್ಯವನ್ನು ಯಾವ ತಿಂಗಳು ಎಬ್ಬಿಸುತ್ತೀರೆಂದು ಮುಂಚಿತವಾಗಿ ಹೇಳಿದರೆ, ನಾವು ಹೋಗಿ ಅವರ ಸ್ವೆಟರು, ರೇಡಿಯೋ ಎಲ್ಲ ಕಟ್ಟಿಟ್ಟುಕೊಳ್ಳುತ್ತೇವೆ.