ಸೋದರತ್ತೆಯ ಬೆನ್ನು

ಏಳು ವರ್ಷದವನಿದ್ದಾಗ ದಾನಪ್ಪ ತನ್ನ ಅಕ್ಕ ರಾಚವ್ವನಿಗೆ ಒಂದು ಮಾತು ಕೊಟ್ಟಿದ್ದ: ಮುಂದೆ ತನಗೆ ಕೂಸು ಹುಟ್ಟಿದರೆ ಅದರ ಕಿವಿಯಲ್ಲಿ ಹೆಸರು ಹೇಳುವವಳು ಅವಳೇ. ತಾಯಿಯಿಲ್ಲದ ಅವನನ್ನು ಬೆನ್ನಮೇಲೆ ಹೊತ್ತು, ವಿಜಾಪುರದ ಎರೆಮಣ್ಣಿನ ಕೆಸರು ದಾಟಿಸಿ ಶಾಲೆಗೆ ಮುಟ್ಟಿಸಿದವಳು ಆಕೆ. ಆಕೆಗೆ ಮಕ್ಕಳಾಗಲಿಲ್ಲ. ಆ ಮಾತು ಇಪ್ಪತ್ತೆರಡು ವರ್ಷ ಕಾದುಕೊಂಡಿತ್ತು.

ಈಗ ಸಯನ್ನಿನ ಚಾಳಿನ ಮೂರನೆಯ ಮಾಳಿಗೆಗೆ ಹೆಣ್ಣುಕೂಸು ಬಂದು ಹದಿಮೂರು ದಿನ. ಇವತ್ತು ತೊಟ್ಟಿಲು. ಅವರ ಕಡೆಯ ಪದ್ಧತಿಯಂತೆ ಸೋದರತ್ತೆ ಕೂಸಿನ ಕಿವಿಗೆ ಬಾಗಿ 'ಕುರ್ರ್' ಎಂದು ಹೆಸರು ಹೇಳಬೇಕು. ಆಕೆ ಹೇಳುತ್ತಿರುವಾಗಲೇ ಸುತ್ತಲಿನ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು. ಯಾಕೆ ಎಂದು ಕೇಳಿದವರಿಗೆ ಇನ್ನೆರಡು ಹೆಚ್ಚು ಬೀಳುತ್ತಿದ್ದುದರಿಂದ ಯಾರೂ ಕೇಳುತ್ತಿರಲಿಲ್ಲ.

ಬೈಕುಲ್ಲಾದ ಅಂಗಡಿಗೆ ರಜೆ ಹಾಕಿ ದಾನಪ್ಪ ಊರಿಂದ ಬರುವ ಅಕ್ಕನನ್ನು ಕರೆತರಲು ಬೆಳಿಗ್ಗೆಯೇ ದಾದರ್ ಸ್ಟೇಶನ್ನಿಗೆ ಓಡಿದ. ಗಾಡಿ ಬಂತು, ಖಾಲಿಯಾಯಿತು, ಹೋಯಿತು. ಅಕ್ಕ ಇಳಿಯಲಿಲ್ಲ. ಹದಿಮೂರು ದಿನ ನಿದ್ದೆಗೆಟ್ಟ ಕಣ್ಣು ಎಲ್ಲಿ ತಪ್ಪಿತೋ ಎಂದುಕೊಂಡು, ನೇರ ಮನೆಗೇ ಬಂದಿರಬಹುದೆಂದು ವಾಪಸು ಓಡಿಬಂದ. ಚಾಳಿನ ಮೆಟ್ಟಿಲ ಬುಡದಲ್ಲಿ, ನಳದ ಹತ್ತಿರ, ಯಾವಳೋ ಹೆಂಗಸು ಮುಖದ ತುಂಬ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತಿದ್ದಳು. ಆಕೆಯ ಗಂಟು ಎಡವಿ, "ಜರಾ ಸರ್ಕಾ ಬಾಯಿ" ಎಂದು ಮರಾಠಿಯಲ್ಲಿ ಸರಿಯಲು ಹೇಳಿ ಮೇಲೆ ಹತ್ತಿದ.

ಮೇಲೆ ಕೋಣೆಯಲ್ಲಿ ಹದಿನಾಲ್ಕು ಹೆಂಗಸರು. ನಡುವೆ ಪಕ್ಕದ ಮನೆಯ ಬೆಳಗಾವಿಯ ಗಂಗೂಬಾಯಿ. ದಾನಪ್ಪನ ಹೆಂಡತಿ ಮಲ್ಲವ್ವನಿಗೆ ತವರಿನಲ್ಲಿ ತಾಯಿಯಿಲ್ಲದ್ದರಿಂದ ಬಾಣಂತನವೆಲ್ಲ ಈಕೆಯದೇ. ದಿನವೂ ಕೂಸಿಗೆ ಎಣ್ಣೆ ಹಚ್ಚಿ ಎರೆದು, ಚಾಳಿನ ಅರ್ಧ ಜನಕ್ಕೆ ಮಸಾಲೆಯನ್ನೂ ಕುಟ್ಟಿ ಕೊಡುತ್ತಿದ್ದ ಕೈ ಅದು.

ಪಂಚಾಂಗ ಹಿಡಿದ ಸಿದ್ದಲಿಂಗಪ್ಪ ಗಡಿಯಾರ ನೋಡುತ್ತಿದ್ದ. ಮುಹೂರ್ತ ಹತ್ತೂವರೆಗೆ ಮುಗಿಯುತ್ತದೆ, ಆಮೇಲೆ ತಾನು ಮುಲುಂಡಿಗೆ ಲೋಕಲ್ ಹಿಡಿಯಬೇಕು, ಇವತ್ತು ಬಿಟ್ಟರೆ ಮುಂದಿನ ತಿಂಗಳೇ ಎಂದ. ಹಾಗಿದ್ದರೆ ಅತ್ತೆಯಾಗಿ ತಾನೇ ನಿಲ್ಲುತ್ತೇನೆ, ಹೆಸರೂ ಯೋಚಿಸಿಟ್ಟಿದ್ದೇನೆ ಎಂದಳು ಗಂಗೂಬಾಯಿ. ಹದಿಮೂರು ದಿನ ಎರೆದವಳಿಗೆ ಬೇಡವೆನ್ನಲು ದಾನಪ್ಪನಿಗೆ ಬಾಯಿ ಬರಲಿಲ್ಲ. ಬೇಡವೆನ್ನದಿದ್ದರೆ ಅಕ್ಕನಿಗೆ ಕೊಟ್ಟ ಮಾತು ಹೋಗುತ್ತಿತ್ತು.

ಮತ್ತೆ ಕೆಳಗೆ ಓಡಿ ರಸ್ತೆ ನೋಡಿಬಂದ. ನಳದ ಹತ್ತಿರದ ಹೆಂಗಸು ಇನ್ನಷ್ಟು ಗೋಡೆಯ ಕಡೆ ತಿರುಗಿದಳು. ಮೇಲೆ ಬಂದವನು, ಹೆಂಗಸರು ಆರತಿಯ ಗದ್ದಲದಲ್ಲಿದ್ದಾಗ, ಇನ್ನೂ ತೂಗುಹಾಕದ ತೊಟ್ಟಿಲ ಸರಪಳಿಯ ಕೊಂಡಿಯನ್ನು ಮೆಲ್ಲಗೆ ಎತ್ತಿ ಧೋತರದ ಗಂಟಿಗೆ ಸೇರಿಸಿದ. ಕೊಂಡಿ ಇಲ್ಲದೆ ತೊಟ್ಟಿಲು ತೂಗುವಂತಿಲ್ಲ, ತೂಗದೆ ಹೆಸರಿಲ್ಲ. ಹೆಂಗಸರು ಚಾಪೆ ಕೊಡವಿದರು, ಡಬ್ಬಿ ಕೊಡವಿದರು. ದಾನಪ್ಪನೂ ಎಲ್ಲರಿಗಿಂತ ಮುಂದಾಗಿ ಹುಡುಕಿದ. ಮಂಚದ ಕೆಳಗೆ ಬಗ್ಗಿದಾಗ ಧೋತರ ಸಡಿಲಿ ಕೊಂಡಿ ಠಣ್ಣೆಂದು ಸಿದ್ದಲಿಂಗಪ್ಪನ ಕಾಲ ಬಳಿ ಬಿತ್ತು.

ಸಿದ್ದಲಿಂಗಪ್ಪ ಅದನ್ನು ಎತ್ತಿ ತೊಟ್ಟಿಲ ಸರಪಳಿಗೆ ಸಿಕ್ಕಿಸಿದ.

"ಹಡದಾಕಿ ನಾನು. ತಲಿ ಕೆಟ್ಟಿದ್ದು ಇವರಿಗೆ," ಎಂದಳು ಮಂಚದ ಮೇಲಿಂದ ಮಲ್ಲವ್ವ.

ದಾನಪ್ಪ ಅಕ್ಕನಿಗೆ ಕೊಟ್ಟ ಮಾತನ್ನು ಹೇಳಿಕೊಂಡ. ಗಂಗೂಬಾಯಿ ಸೊಂಟದ ಮೇಲೆ ಕೈಯಿಟ್ಟು ಎಲ್ಲ ಕೇಳಿದಳು. "ಅಕ್ಕನ ಮ್ಯಾಲ ಅಷ್ಟು ಜೀವ ಇದ್ರ ಆಕಿ ಜಾಗಾದಾಗ ನೀವ ನಿಲ್ಲರಿ. ತಲಿ ಮ್ಯಾಲ ಸೆರಗ ಹೊಚ್ಚತೀವಿ," ಎಂದಳು.

ಹೆಂಗಸರು ನಕ್ಕರು. ಆದರೆ ದಾನಪ್ಪನಿಗೆ ಅದರಲ್ಲೊಂದು ದಾರಿ ಕಂಡಿತು. ತಾನೇ ಬಾಗಿ ಬರೀ 'ಕುರ್ರ್' ಎಂದು ತುಟಿ ಅಲ್ಲಾಡಿಸಿದರೆ ಮುಹೂರ್ತವೂ ಆಯಿತು, ಹೆಸರೂ ಅಕ್ಕನಿಗೆ ಉಳಿಯಿತು. ಮಲ್ಲವ್ವನ ಹಸಿರು ಸೀರೆ ತಲೆಯ ಮೇಲೆ ಹೊದ್ದು ತೊಟ್ಟಿಲಿಗೆ ಬಾಗಿದ.

ಮೊದಲ ಗುದ್ದು ಗಂಗೂಬಾಯಿಯದು. ನಿಂತ ಗಾಡಿಗೆ ಹಿಂದಿನಿಂದ ಇಂಜಿನ್ ಬಂದು ಸೇರಿದಂತಾಯಿತು. "ಕುರ್ರ್" ಎಂದ. ಏನು ಹೆಸರಿಟ್ಟಿರಿ ಎಂದು ಕೇಳುತ್ತ ಉಳಿದ ಹದಿಮೂರು ಮಂದಿಯೂ ಬಿದ್ದರು. ಕೂಸನ್ನೇ ಕೇಳಿ ಎಂದ. ಅದಕ್ಕೆ ಇನ್ನಷ್ಟು ಬಿದ್ದವು. ಇಷ್ಟು ದಿನ ಒಂದು ಗಳಿಗೆಯೂ ಕಣ್ಣು ಮುಚ್ಚದ ಕೂಸು ಆ ಗದ್ದಲದಲ್ಲಿ ಸುಖವಾಗಿ ನಿದ್ದೆ ಹೋಗಿತ್ತು. ದಾನಪ್ಪ ಮಾತ್ರ ಹೆಸರು ಬಿಡಲಿಲ್ಲ.

ಸದ್ದು ನಿಂತಾಗ ಬಾಗಿಲಲ್ಲಿ ಗಂಟು ಹಿಡಿದು ಒಬ್ಬಳು ನಿಂತಿದ್ದಳು. ನಳದ ಹತ್ತಿರದ ಹೆಂಗಸು. ಸೆರಗು ಸರಿಸಿದಳು. ರಾಚವ್ವ.

"ಅಕ್ಕಾ, ಎಲ್ಲಿದ್ದಿ ಇಷ್ಟೊತ್ತು?"

"ಕೆಳಗ ಕುಂತಿದ್ದೆ. ಊರಿನ ಸದಾನಂದ ಕಲ್ಯಾಣದಾಗ ಇಳಿಸಿ, ಲೋಕಲ್‌ದಾಗ ಕರಕೊಂಡ ಬಂದು ಬಿಟ್ಟ ಹೋದ. ನೀ ನನ್ನ ಗಂಟ ಒದ್ದು ಹೋದಿ."

"ಮ್ಯಾಲ ಯಾಕ ಬರಲಿಲ್ಲ?"

"ಗುದ್ದೂದು ಮುಗೀಲಿ ಅಂತ. ಹನ್ನೊಂದ ಕೂಸಿಗೆ ಹೆಸರಿಟ್ಟೀನಪಾ, ಇನ್ನ ಈ ಬೆನ್ನು ತಡ್ಯಂಗಿಲ್ಲ. ಸಪ್ಪಳ ಕೇಳಿತು, ಯಾರೋ ಪುಣ್ಯಾತ್ಗಿತ್ತಿ ನಿಂತಾಳ ಅಂತ ಹತ್ತಿ ಬಂದೆ."

ದಾನಪ್ಪ ತಲೆಯ ಮೇಲಿನ ಸೀರೆ ತೆಗೆದ. "ನಾ ಹೆಸರ ಹೇಳೇ ಇಲ್ಲಕ್ಕಾ. ನಿನಗಂತ ಉಳಿಸೀನಿ."

ಸಿದ್ದಲಿಂಗಪ್ಪ ಗಡಿಯಾರ ನೋಡಿ ಇನ್ನೂ ಐದು ನಿಮಿಷ ಇದೆ ಎಂದ. ಹೆಸರೇ ಹೇಳಿಲ್ಲವೆಂದ ಮೇಲೆ ಆಗ ಬಿದ್ದ ಗುದ್ದು ಲೆಕ್ಕಕ್ಕಿಲ್ಲ ಎಂದಳು ಗಂಗೂಬಾಯಿ. ಹದಿನಾಲ್ಕು ಮಂದಿಯೂ ರಾಚವ್ವನ ಬೆನ್ನ ಕಡೆ ತಿರುಗಿದರು.

ರಾಚವ್ವ ತಮ್ಮನನ್ನು ನೋಡಿದಳು. "ಅರ್ಧ ಮಾತ ನೆನಪಿಟ್ಟಿ. ಅವತ್ತ ಕಾಕಾನ ಮಗನ ಕೂಸಿನ ತೊಟ್ಟಲದಾಗ ನನಗ ಗುದ್ದೂದು ನೋಡಿ ಅತ್ತಿದ್ದಿ. 'ನನ್ನ ಕೂಸಿಗೆ ಹೆಸರ ನೀ ಇಡಕ್ಕಾ, ಗುದ್ದು ನಾ ತಿಂತೀನಿ' ಅಂದಿ. ಆಗ ನಿನ್ನ ಹೊತ್ತ ಬೆನ್ನಿದು."

ದಾನಪ್ಪನಿಗೆ ನೆನಪಾಯಿತು. ಹಸಿರು ಸೀರೆಯನ್ನು ಮತ್ತೆ ತಲೆಗೆ ಹೊದ್ದು ಅಕ್ಕನ ಪಕ್ಕದಲ್ಲಿ ಬಾಗಿದ. ಹದಿಮೂರು ದಿನದಲ್ಲಿ ಮೊದಲ ಸಲ ಮಲ್ಲವ್ವ ನಕ್ಕಳು.

ನಳದ ಹತ್ತಿರ ಕೂತಿದ್ದಾಗ ನೀರಿಗೆ ಬಂದವರಿಂದ ರಾಚವ್ವ ಎಲ್ಲ ಕೇಳಿಕೊಂಡಿದ್ದಳು, ಕೂಸಿಗೆ ಎರೆದವರು ಯಾರು ಎಂಬುದನ್ನೂ. ಕಿವಿಗೆ ಬಾಗಿ, ಎಲ್ಲರಿಗೂ ಕೇಳುವಂತೆ, "ಗಂಗವ್ವ" ಎಂದಳು.

ಗಂಗೂಬಾಯಿಗೆ ಕಣ್ಣು ತುಂಬಿ ಬಂತು. ಆ ಖುಷಿಗೆ ಎರಡೂ ಕೈಯಿಂದ ಗುದ್ದಿದಳು.

ರಾಚವ್ವ ಹೆಸರಿಟ್ಟಳು. ದಾನಪ್ಪ ಗುದ್ದು ತಿಂದ. ಕೊಟ್ಟ ಮಾತು ಪೂರ್ತಿ ನಡೆಯಿತು.