ನೂರಕ್ಕೆ ನೂರು ಹಾಜರಾತಿ

ಕೆನಡಾದ ಸ್ಕಾರ್‌ಬರೋದ ಸುಪೀರಿಯರ್ ಮೇಪಲ್ ಗ್ಲೋಬಲ್ ಕಾಲೇಜಿನಲ್ಲಿ ಸ್ಥಾಪನೆಯ ದಿನದಿಂದಲೂ ಹಾಜರಾತಿ ನೂರಕ್ಕೆ ನೂರು. ಈ ಕೀರ್ತಿಗೆ ಮೊದಲ ಬಾರಿ ಕುತ್ತು ಬಂದದ್ದು ವಿದ್ಯಾರ್ಥಿನಿಯೊಬ್ಬಳು ತರಗತಿಗೆ ಬಂದ ದಿನ.

ಆಕೆಯ ಹೆಸರು ಮಾನ್ಯಾ. ಹಾಸನದಲ್ಲಿ ಬಿ.ಕಾಂ. ಮುಗಿಸಿ, ಸಪ್ಲೈ ಚೈನ್ ಡಿಪ್ಲೊಮಾ ಓದಲೆಂದು ಬಂದು ಥಾರ್ನ್‌ಹಿಲ್‌ನ ಸೋದರತ್ತೆ ವೇದವತಿಯವರ ಮನೆಯಲ್ಲಿ ಇಳಿದುಕೊಂಡಿದ್ದಳು. "ಮೊದಲ ದಿನ ಏನು ಕಲಿಸಿದರು ಅಂತ ಬಂದ ತಕ್ಷಣ ಹೇಳಬೇಕು" ಎಂದು ಊರಿನಿಂದ ಅಮ್ಮ ಆಜ್ಞೆ ಮಾಡಿದ್ದರು. ಏನಾದರೂ ಕಲಿಯಲೇಬೇಕು ಎಂಬ ಹಳೆಯ ಕಾಲದ ಹಟ ಮಾನ್ಯಾಳಿಗೂ ಇತ್ತು.

ಅತ್ತೆ ಮೈಸೂರಿನ ರಸಾಯನಶಾಸ್ತ್ರದ ಎಂ.ಎಸ್‌ಸಿ., ಚಿನ್ನದ ಪದಕ. ಆ ಪದಕಕ್ಕೆ ಕೆನಡಿಯನ್ ಅನುಭವವಿಲ್ಲವೆಂದು ಇಲ್ಲಿ ಕೆಲಸ ಕೇಳಿದ ಕಡೆಯೆಲ್ಲ ಹೇಳಿದ್ದರಿಂದ, ಬಹಳ ವರ್ಷಗಳಿಂದ ಅದು ಶೋಕೇಸಿನೊಳಗೆ ಕುಳಿತು ಅನುಭವ ಪಡೆಯುತ್ತಿತ್ತು. ಅತ್ತೆಯ ಪ್ರಕಾರ ಮೊದಲ ಪಾಠಕ್ಕೆ ಮುಂಚೆ ಗುರುವಿಗೆ ಫಲತಾಂಬೂಲ ಕೊಟ್ಟು ಕಾಲಿಗೆ ಬೀಳಬೇಕು. ಮನೆಯಿಂದ ಹೊರಟ ತಾಂಬೂಲ ಮತ್ತೆ ಹೊಸಿಲು ದಾಟಿ ಒಳಗೆ ಬರಬಾರದು. ಹೀಗಾಗಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆಯ ತಟ್ಟೆ ಹಿಡಿದು ಅತ್ತೆಯೂ ಬಸ್ಸು ಹತ್ತಿದರು.

ಕಾಲೇಜು ಒಂದು ಅಂಗಡಿ ಸಾಲಿನ ಪ್ಲಾಜಾದಲ್ಲಿ, ಸಮೋಸಾ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. "ನಿರ್ದೇಶಕರು, ವಿದ್ಯಾರ್ಥಿ ಯಶಸ್ಸು" ಎಂಬ ಫಲಕದ ಹಿಂದೆ ಕೂತಿದ್ದ ಗಿರೀಶ ತುಮಕೂರಿನವನು. ತೆಂಗಿನಕಾಯಿ ಕಂಡೊಡನೆ ಕನ್ನಡಕ್ಕೆ ಇಳಿದ.

"ಪೂಜೆ ಪಕ್ಕದ ಪ್ಲಾಜಾದಲ್ಲಿ, ಮೇಡಂ."

"ಪೂಜೆಗಲ್ಲಪ್ಪ. ಇವಳದು ಇವತ್ತು ಫಸ್ಟ್ ಕ್ಲಾಸು."

ಗಿರೀಶ ಹೆಸರು ಕೇಳಿ, ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದ. "ಮಾನ್ಯಾ ಬೆಳಿಗ್ಗೇನೇ ಬಂದಿದ್ದಾರಲ್ಲ? ಪ್ರೆಸೆಂಟ್ ಅಂತಿದೆ ನೋಡಿ."

"ಸರ್, ನಾನು ಈಗ ಬಂದೆ," ಎಂದಳು ಮಾನ್ಯಾ.

"ಅದೇ ಪ್ರಾಬ್ಲಮ್ಮು. ಎರಡನೇ ಸಲ ಬಂದಿದ್ದೀರ." ಗೋಡೆಯ ಮೇಲಿನ ನಿಯಮವನ್ನು ತೋರಿಸಿದ: ಯಾವುದೇ ವಿದ್ಯಾರ್ಥಿಯು ಒಂದೇ ದಿನ ಒಂದಕ್ಕಿಂತ ಹೆಚ್ಚು ಬಾರಿ ಹಾಜರಿರತಕ್ಕದ್ದಲ್ಲ. "ನೀವು ಈಗ ಬಂದಿದ್ದು ನಿಜ ಅಂದ್ರೆ ಬೆಳಿಗ್ಗೆ ಬಂದಿದ್ದು ಸುಳ್ಳಾಗುತ್ತೆ. ಸುಳ್ಳು ಹಾಜರಾತಿ ಅಂತ ಮೇಲಕ್ಕೆ ರಿಪೋರ್ಟ್ ಹೋಗುತ್ತೆ. ಆಮೇಲೆ ನಿಮ್ಮ ಸ್ಟಡಿ ಪರ್ಮಿಟ್ಟು..." ಆತ ವಾಕ್ಯ ಮುಗಿಸಲಿಲ್ಲ. ಅಂಥ ವಾಕ್ಯಗಳನ್ನು ಮುಗಿಸದಿರುವುದೂ ಕಾಲೇಜಿನ ನಿಯಮವೇ.

ಮಾನ್ಯಾ ಒಂದು ಹೆಜ್ಜೆ ಹಿಂದೆ ಸರಿದು ಅತ್ತೆಯ ಬೆನ್ನ ಹಿಂದೆ ನಿಂತಳು.

"ಅದಿರಲಿ, ಮೇಷ್ಟ್ರೆಲ್ಲಿ? ತಾಂಬೂಲ ಕೊಡಬೇಕು," ಎಂದರು ಅತ್ತೆ.

"ಪ್ರೊಫೆಸರ್ ಸತ್ಯಪ್ರಕಾಶ್. ಅವರೂ ಪ್ರೆಸೆಂಟೇ."

"ಎಲ್ಲಿ?"

"ಬೋಲ್ಟನ್ನಲ್ಲಿ. ವೇರ್‌ಹೌಸಲ್ಲಿ ಫೋರ್ಕ್‌ಲಿಫ್ಟ್ ಓಡಿಸ್ತಾರೆ. ಮಾರ್ನಿಂಗ್ ಶಿಫ್ಟು."

"ಉಳಿದ ಹುಡುಗರು?"

"ಅವರೂ ಅಲ್ಲೇ ಡಬ್ಬ ಕಟ್ಟುತ್ತಿದ್ದಾರೆ. ಗುರುಗಳು ಇದ್ದ ಕಡೆ ಶಿಷ್ಯರು, ಮೇಡಂ. ನಮ್ಮದು ಗುರುಕುಲ ಪದ್ಧತಿ."

ಇದು ಶಾಸ್ತ್ರೋಕ್ತವಾಗಿದ್ದುದರಿಂದ ಅತ್ತೆ ತಲೆಯಾಡಿಸಿ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಗಿರೀಶ ಬಾಳೆಹಣ್ಣಿಗೆ ಕೈ ಚಾಚಿದ.

"ತಗೊಂಡವರು ಪಾಠ ಹೇಳಬೇಕು," ಎಂದರು ಅತ್ತೆ.

ಕಾದ ಬಾಣಲೆ ಮುಟ್ಟಿದವನಂತೆ ಆತ ಕೈ ಹಿಂತೆಗೆದ. ಮಧ್ಯಾಹ್ನದ ಮೇಲೆ ತಾನೇ ಪ್ರಿನ್ಸಿಪಾಲನೂ ಆಗುವುದರಿಂದ, ಅಲ್ಲಿಯವರೆಗೆ ಕಾಯಲು ಹೇಳಿದ. ಅವರು ಕಾದರು. ಗಿರೀಶ ಊಟ ಮುಗಿಸಿ ಅದೇ ಕುರ್ಚಿಯಲ್ಲಿ ಟೈ ಕಟ್ಟಿಕೊಂಡು ಕುಳಿತು, ವಿಷಯವೇನೆಂದು ಹೊಸದಾಗಿ ವಿಚಾರಿಸಿದ. ನಂತರ ಬಾಗಿಲಿಗೆ ಪ್ರಕಟಣೆ ಅಂಟಿಸಿದ: "ಅನಿವಾರ್ಯ ಕಾರಣಗಳಿಂದ ಇಂದು ತರಗತಿ ನಡೆಯುವ ಸಂಭವವಿದೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

"ತಟ್ಟೆ ವಾಪಸ್ ಹೋಗೋ ಹಾಗಿಲ್ಲ. ಮೇಷ್ಟ್ರು ಬರೋ ಹಾಗಿಲ್ಲ," ಎಂದು ಪ್ರಿನ್ಸಿಪಾಲ್ ಗಿರೀಶ ಯೋಚಿಸಿದ. "ಮೇಡಂ, ನೀವು ಏನು ಓದಿದ್ದೀರ?"

ಅತ್ತೆ ಹೇಳಿದರು. ಪದಕದ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಿದರು.

"ಗೋಲ್ಡಾ! ನಮ್ಮಲ್ಲಿ ಪ್ರೊಫೆಸರ್ ಆಗ್ತೀರಾ?"

"ಕೆನಡಿಯನ್ ಅನುಭವ?"

"ಈಗಿನಿಂದ ಶುರು."

ಇಷ್ಟು ವರ್ಷದಲ್ಲಿ ಈ ದೇಶ ಅತ್ತೆಯನ್ನು ಕೆಲಸಕ್ಕೆ ಬರುತ್ತೀರಾ ಎಂದು ಕೇಳಿರಲಿಲ್ಲ. ಅವರು ಸೆರಗು ಸರಿಮಾಡಿಕೊಂಡರು. ಮಾನ್ಯಾ ತಟ್ಟೆ ಕೊಟ್ಟು ಕಾಲಿಗೆ ಬಿದ್ದಳು. ಅತ್ತೆ ತಾಂಬೂಲ ಸ್ವೀಕರಿಸಿದರು. ಅವರ ಕೊರಳಿಗೆ ಗುರುತಿನ ಚೀಟಿ ಬಿತ್ತು. ಮಾನ್ಯಾಳಿಗೆ ಜೀವ ಬಂದಂತಾಯಿತು. ರಸಾಯನಶಾಸ್ತ್ರವಾದರೂ ಸರಿ, ಅಮ್ಮನಿಗೆ ಹೇಳಲು ಏನಾದರೂ ಸಿಕ್ಕೀತು.

"ಅತ್ತೆ, ಶುರು ಮಾಡಿ," ಎಂದು ಪೆನ್ನು ತೆಗೆದಳು.

"ಕಾಲೇಜಲ್ಲಿ ಪ್ರೊಫೆಸರ್ ಅಂತ ಕರಿ." ಅತ್ತೆ ಪರದೆಯನ್ನು ನೋಡಿದರು. ಕನ್ನಡಕ ಹಾಕಿಕೊಂಡು ಗೋಡೆಯನ್ನು ನೋಡಿದರು. "ಪುಟ್ಟೀ, ನೀನು ಬೆಳಿಗ್ಗೇನೇ ಪ್ರೆಸೆಂಟ್ ಆಗಿದ್ದೀಯಲ್ಲೇ."

"ಅತ್ತೆ!"

"ನಿಯಮ ಅಂದ ಮೇಲೆ ನಿಯಮ. ನನ್ನ ಮೊದಲನೇ ದಿನವೇ ಹೆಸರು ಕೆಡಿಸಬೇಡ. ಪರ್ಮಿಟ್ಟಿಗೆ ತೊಂದರೆ ಆದರೆ ನಿಮ್ಮಮ್ಮನಿಗೆ ನಾನೇನು ಹೇಳಲಿ? ಕೆಳಗೆ ಬೋಲ್ಟನ್ನಿಗೆ ಹೋಗೋ ವ್ಯಾನು ನಿಂತಿದೆಯಂತೆ, ಹತ್ತು. ಬಾಳೆಹಣ್ಣು ತಗೊಂಡು ಹೋಗು, ಹಸಿವಾಗುತ್ತೆ."

ಗಿರೀಶ ಪ್ರಕಟಣೆಯನ್ನು ಕಿತ್ತು ಹಾಕಿದ. ಹಾಜರಾತಿ ನೂರಕ್ಕೆ ನೂರಾಯಿತು.

ಬೋಲ್ಟನ್ನಿನ ವೇರ್‌ಹೌಸಿನಲ್ಲಿ ಮಾನ್ಯಾಳಿಗೆ ಟೇಪು, ಕತ್ತರಿ ಕೊಟ್ಟರು. ಎರಡನೇ ಶಿಫ್ಟಿಗೂ ಉಳಿದಿದ್ದ ನರೆತ ಮೀಸೆಯ ಕನ್ನಡಿಗರೊಬ್ಬರು ಫೋರ್ಕ್‌ಲಿಫ್ಟ್ ನಿಲ್ಲಿಸಿದರು. ಅವರ ಎದೆಯ ಮೇಲೆ ಸತ್ಯಪ್ರಕಾಶ್ ಎಂದಿತ್ತು.

"ಹೊಸಬಳೇನಮ್ಮಾ? ಯಾವ ಕಾಲೇಜು?"

"ನಿಮ್ಮದೇ, ಸರ್."

"ಹಾಗಾದ್ರೆ ಈಗ ನೀನು ಕ್ಲಾಸಲ್ಲಿ ಇರಬೇಕಿತ್ತಲ್ಲ?"

ಮಾನ್ಯಾ ಡಬ್ಬಕ್ಕೆ ಟೇಪು ಎಳೆದಳು. "ಇದ್ದೀನಿ, ಸರ್."

"ವೆರಿ ಗುಡ್," ಎಂದು ಪ್ರೊಫೆಸರರು ಗಾಡಿ ತಿರುಗಿಸಿದರು. "ನಾನೂ ಅಲ್ಲೇ ಇದ್ದೀನಿ. ಏನಾದ್ರೂ ಡೌಟಿದ್ರೆ ಅಲ್ಲಿ ಬಂದು ಕೇಳು."